ಪ್ರೊಬಯಾಟಿಕ್ ಆರಿಸುವುದು ಹೇಗೆ: ಯಾವ ತಳಿ ಯಾವ ರೋಗನಿರೋಧಕ ಕೋಶವನ್ನು ಮುಟ್ಟುತ್ತದೆ

ಪ್ರೊಬಯಾಟಿಕ್, ಅಂದರೆ ಆರೋಗ್ಯಕ್ಕೆಂದು ನುಂಗುವ ಜೀವಂತ ಬ್ಯಾಕ್ಟೀರಿಯಾ ಅಥವಾ ಯೀಸ್ಟ್. ಅದರ ಎರಡು ಡಬ್ಬಿ ಅಕ್ಕಪಕ್ಕ ಇವೆ ಎಂದುಕೊಳ್ಳಿ. ಎರಡರ ಮೇಲೂ ‘ರೋಗನಿರೋಧಕ ಶಕ್ತಿಗೆ’ ಎಂದೇ ಬರೆದಿದೆ. ಒಂದರಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಸೇರಿ ದಿನಕ್ಕೆ 1,000 ಕೋಟಿ, ಇನ್ನೊಂದರಲ್ಲಿ ಒಂದೇ ಬಗೆ, 200 ಕೋಟಿ. ಕೈ ತಾನಾಗಿ ಹೋಗುವುದು ದೊಡ್ಡ ಸಂಖ್ಯೆಯ ಕಡೆಗೆ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೇ ಎರಡನ್ನು ಮುಖಾಮುಖಿ ನಿಲ್ಲಿಸಿತ್ತು. ನಿಯಮಿತವಾಗಿ ವ್ಯಾಯಾಮ ಮಾಡುವ 465 ಮಂದಿಯನ್ನು ಮೂರು ಗುಂಪು ಮಾಡಿ, 150 ದಿನ ಒಂದು ಗುಂಪಿಗೆ ಬಿಫಿಡೊಬ್ಯಾಕ್ಟೀರಿಯಂ ಲ್ಯಾಕ್ಟಿಸ್ ಬಿಎಲ್-04 ಎಂಬ ಒಂಟಿ ತಳಿ (ಒಂದು ಪ್ರಭೇದದೊಳಗಿನ ನಿರ್ದಿಷ್ಟ ಬಗೆ) 200 ಕೋಟಿ, ಎರಡನೆಯದಕ್ಕೆ ಬೇರೆರಡು ತಳಿಗಳ ಮಿಶ್ರಣ 1,000 ಕೋಟಿ, ಮೂರನೆಯದಕ್ಕೆ ಬ್ಯಾಕ್ಟೀರಿಯಾ ಇಲ್ಲದ ಬರೀ ಹುಸಿಪುಡಿ ಕೊಟ್ಟರು. ಒಂಟಿ ತಳಿ ತೆಗೆದುಕೊಂಡವರಲ್ಲಿ ಶೀತ-ಗಂಟಲುನೋವಿನ ಅಪಾಯ ಶೇ. 27 ಕಡಿಮೆಯಾಯಿತು. ಮಿಶ್ರಣದ ಗುಂಪಿನಲ್ಲಿ ಕಂಡ ಇಳಿಕೆ ಕಾಕತಾಳೀಯವೂ ಇರಬಹುದೆನ್ನುವಷ್ಟು ಸಣ್ಣದು.

ಒಂದೇ ಪ್ರಯೋಗದಿಂದ ಯಾರೂ ತೀರ್ಪು ಕೊಡಬಾರದು. ಆದರೆ ಕೊಳ್ಳುವಾಗ ಯಾವುದನ್ನು ಮೊದಲು ನೋಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೊದಲು ನೋಡಬೇಕಾದದ್ದು ತಳಿ, ಆಮೇಲೆ ಅದು ನಿಮ್ಮದೇ ತೊಂದರೆಗೆ ಪರೀಕ್ಷೆಯಾಗಿದೆಯೇ ಎಂಬುದು. ಕೋಟಿಗಳ ಲೆಕ್ಕ ಮೂರನೆಯದು.

‘ಶಕ್ತಿ ಹೆಚ್ಚಿಸುತ್ತದೆ’ ಎಂದರೆ ಯಾವ ಕಡೆಗೆ?

ರೋಗನಿರೋಧಕ ವ್ಯವಸ್ಥೆಯನ್ನು ರೇಡಿಯೋದ ಧ್ವನಿಯಂತೆ ಏರಿಸಲು ಆಗುವುದಿಲ್ಲ. ಅದರಲ್ಲಿ ಎಚ್ಚರಿಸುವ ಕೋಶಗಳಿವೆ, ಸುಮ್ಮನಾಗಿಸುವ ಕೋಶಗಳಿವೆ, ಬೇಲಿ ಕಾಯುವವೂ ಇವೆ. ಮೇಲಿಂದ ಮೇಲೆ ಶೀತ ಬರುವವರಿಗೆ ಮೊದಲನೆಯವು ಚುರುಕಾದರೆ ಒಳ್ಳೆಯದು. ಅಲರ್ಜಿ, ಕರುಳಿನ ಉರಿಯೂತ ಇರುವವರಲ್ಲಿ ಅವು ಈಗಾಗಲೇ ಅತಿ ಚುರುಕಾಗಿರುತ್ತವೆ, ಅವರಿಗೆ ಬೇಕಾದದ್ದು ಎರಡನೆಯದು. ಇಬ್ಬರಿಗೂ ಒಂದೇ ಡಬ್ಬಿ ಮಾರುವುದು ವ್ಯಾಪಾರಕ್ಕೆ ಸುಲಭ, ಅಷ್ಟೇ.

ನುಂಗಿದ ಬ್ಯಾಕ್ಟೀರಿಯಾಕ್ಕೂ ರೋಗನಿರೋಧಕ ಕೋಶಕ್ಕೂ ಮುಖಾಮುಖಿಯಾಗುವ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಣ್ಣ ಕರುಳಿನ ಒಳಪದರ ಒಂದೇ ಒಂದು ಸಾಲು ಕೋಶಗಳಷ್ಟು ತೆಳು, ಅದರ ಮೇಲೆ ಲೋಳೆ. ಅಲ್ಲಲ್ಲಿ ಪೇಯರ್ ಪ್ಯಾಚ್ ಎಂಬ ರೋಗನಿರೋಧಕ ಕೋಶಗಳ ಗುಂಪುಗಳಿವೆ. ಅವುಗಳ ಮೇಲ್ಭಾಗದಲ್ಲಿ ಲೋಳೆ ವಿರಳ. ಅಲ್ಲಿರುವ ಎಂ-ಕೋಶಗಳು ಕರುಳಿನ ಒಳಗಿನಿಂದ ಬ್ಯಾಕ್ಟೀರಿಯಾದ ಚೂರುಗಳನ್ನೋ ಇಡೀ ಬ್ಯಾಕ್ಟೀರಿಯಾವನ್ನೋ ಎಳೆದು ಕೆಳಗೆ ಕಾದಿರುವ, ಸಿಕ್ಕಿದ್ದನ್ನು ಬೇರೆ ರೋಗನಿರೋಧಕ ಕೋಶಗಳಿಗೆ ತೋರಿಸುವ ಡೆಂಡ್ರೈಟಿಕ್ ಕೋಶಕ್ಕೆ ದಾಟಿಸುತ್ತವೆ. ಕೆಲವು ಕಡೆ ಡೆಂಡ್ರೈಟಿಕ್ ಕೋಶಕ್ಕೆ ಆ ತಾಳ್ಮೆಯೂ ಇಲ್ಲ, ಒಳಪದರದ ಎರಡು ಕೋಶಗಳ ಸಂದಿಯಲ್ಲಿ ತನ್ನದೇ ತೋಳು ಚಾಚಿ ಆಚೆ ಕಡೆ ತಡಕಾಡುತ್ತದೆ.

ಸಿಕ್ಕಿದ್ದನ್ನು ಅದು ಗ್ರಾಹಕಗಳಿಂದ, ಅಂದರೆ ನಿರ್ದಿಷ್ಟ ವಸ್ತು ಅಂಟಿದರೆ ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳಿಂದ, ಗುರುತಿಸುತ್ತದೆ. ಲ್ಯಾಕ್ಟೊಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿರುವ ಲಿಪೊಟೈಕೋಯಿಕ್ ಆಮ್ಲ ಟಿಎಲ್‌ಆರ್-2 ಎಂಬ ಗ್ರಾಹಕಕ್ಕೆ ಅಂಟುತ್ತದೆ. ಭಿತ್ತಿಯ ಚಿಕ್ಕ ತುಣುಕು ನಾಡ್-2ಕ್ಕೆ, ಬ್ಯಾಕ್ಟೀರಿಯಾದ ಡಿಎನ್‌ಎ ಟಿಎಲ್‌ಆರ್-9ಕ್ಕೆ, ಯೀಸ್ಟ್‌ನ ಬೀಟಾ-ಗ್ಲೂಕನ್ ಡೆಕ್ಟಿನ್-1ಕ್ಕೆ. ಯಾವ ಗ್ರಾಹಕ ಎಷ್ಟು ಒತ್ತಲ್ಪಟ್ಟಿತು ಎಂಬುದರ ಮೇಲೆ ಡೆಂಡ್ರೈಟಿಕ್ ಕೋಶ ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಏನು ವರದಿ ಒಪ್ಪಿಸಬೇಕೆಂದು ನಿರ್ಧಾರವಾಗುತ್ತದೆ. ಇಂಟರ್‌ಲ್ಯೂಕಿನ್-12 ಎಂಬ ಸಂಕೇತ ಪ್ರೋಟೀನನ್ನು ಹೆಚ್ಚು ಬಿಟ್ಟರೆ, ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು ಎಚ್ಚರಗೊಳ್ಳುತ್ತವೆ. ಇಂಟರ್‌ಲ್ಯೂಕಿನ್-10 ಹೆಚ್ಚಾದರೆ ಜಗಳ ಬಿಡಿಸುವ ನಿಯಂತ್ರಕ ಟಿ ಕೋಶಗಳಿಗೆ ಬಲ ಬರುತ್ತದೆ. ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂಕೇತ ಸಿಕ್ಕ ಬಿ ಕೋಶಗಳು ಐಜಿಎ ಪ್ರತಿಕಾಯ ತಯಾರಿಸುವ ಕಡೆಗೆ ತಿರುಗುತ್ತವೆ. ಈ ಐಜಿಎ ಲೋಳೆಯಲ್ಲಿ ನಿಂತು ರೋಗಾಣುಗಳು ಒಳಪದರಕ್ಕೆ ಅಂಟದಂತೆ ತಡೆಯುತ್ತದೆ.

ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂಬ ಅಂದಾಜಿದೆ. ಅದರ ಮುಂದೆ 1,000 ಕೋಟಿಯ ಕ್ಯಾಪ್ಸೂಲ್ ಲೆಕ್ಕಕ್ಕೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ದೊಡ್ಡ ಕರುಳಿನ ಮಟ್ಟಿಗೆ ಮಾತು ನಿಜ. ಆದರೆ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾ ತೀರಾ ವಿರಳ. ಅಲ್ಲಿ ನುಂಗಿದ ಪ್ರಮಾಣ ಕೆಲವು ಗಂಟೆ ಗಮನಕ್ಕೆ ಬರುವಷ್ಟು ದೊಡ್ಡದೇ. ದಿನವೂ ತೆಗೆದುಕೊಳ್ಳಬೇಕು ಎನ್ನುವುದಕ್ಕೂ ಕಾರಣ ಇದೇ: ನುಂಗಿದವು ಹಾದುಹೋಗುತ್ತವೆ, ಬಹುತೇಕ ನೆಲೆಸುವುದಿಲ್ಲ.

ತಳಿಯ ಸಂಖ್ಯೆ ಇಲ್ಲದಿದ್ದರೆ ಮುಂದೆ ಓದಬೇಡಿ

ಲೇಬಲ್ ಮೇಲೆ ಮೂರು ಭಾಗ ಇರಬೇಕು: ಕುಲ, ಪ್ರಭೇದ, ತಳಿ. ‘ಲ್ಯಾಕ್ಟಿಕೇಸಿಬ್ಯಾಸಿಲಸ್ ರಾಮ್ನೋಸಸ್ ಜಿಜಿ, ಎಟಿಸಿಸಿ 53103’ ಎಂದಿದ್ದರೆ ಪೂರ್ತಿ ವಿಳಾಸ ಕೊಟ್ಟಂತೆ. ಬರೀ ‘ರಾಮ್ನೋಸಸ್’ ಎಂದರೆ ಊರು ಹೇಳಿ ಮನೆ ನಂಬರು ಬಿಟ್ಟಂತೆ. ಇನ್ನೊಂದು ಗೊಂದಲವೂ ಇದೆ. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ದೊಡ್ಡ ಕುಲವನ್ನು 25 ಕುಲಗಳಾಗಿ ಒಡೆದರು. ಹಾಗಾಗಿ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಂ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್, ರಾಯ್ಟೆರಿ ಈಗ ಲಿಮೋಸಿಲ್ಯಾಕ್ಟೊಬ್ಯಾಸಿಲಸ್. ಹಳೆಯ ಹೆಸರಿನ ಡಬ್ಬಿ ಕಂಡರೆ ಅದು ನಕಲಿಯಲ್ಲ. ತಳಿಯ ಸಂಖ್ಯೆ ಬದಲಾಗಿಲ್ಲ, ಅದನ್ನೇ ಹೋಲಿಸಿ.

ತಳಿಗೆ ಇಷ್ಟು ತೂಕ ಯಾಕೆ? 2002ರಲ್ಲಿ ಇಲಿಯ ಡೆಂಡ್ರೈಟಿಕ್ ಕೋಶಗಳ ಮೇಲೆ ನಡೆದ ಪ್ರಯೋಗದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕೇಸಿ ಪ್ರಭೇದದ ಒಂದು ತಳಿ ಇಂಟರ್‌ಲ್ಯೂಕಿನ್-12 ಅನ್ನು ಜೋರಾಗಿ ಏರಿಸಿತು. ರಾಯ್ಟೆರಿಯ ಒಂದು ತಳಿ ಹೆಚ್ಚೇನೂ ಏರಿಸಲಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದಾಗ ಎರಡನೆಯದು ಮೊದಲನೆಯದರ ಬಾಯಿ ಮುಚ್ಚಿಸಿತು! ಹತ್ತು ತಳಿಗಳ ಮಿಶ್ರಣ ಎಂದು ಹೆಮ್ಮೆಯಿಂದ ಬರೆದುಕೊಂಡ ಡಬ್ಬಿ ನೋಡಿದಾಗ ಇದು ನೆನಪಿರಲಿ. ಮಿಶ್ರಣ ಕೆಟ್ಟದ್ದು ಎಂದಲ್ಲ, ಆ ಮಿಶ್ರಣವನ್ನೇ ಪರೀಕ್ಷಿಸಿರಬೇಕು. ಬಿಡಿ ತಳಿಗಳ ಸಾಧನೆಯನ್ನು ಕೂಡಿಸಿ ಹೇಳುವುದು ಲೆಕ್ಕವೇ ಅಲ್ಲ.

ತಯಾರಿಕೆಯೂ ಫಲಿತಾಂಶವನ್ನು ತಿರುಗಿಸುತ್ತದೆ. 2009ರ ಒಂದು ಅಧ್ಯಯನದಲ್ಲಿ ಪ್ಲಾಂಟಾರಂ ಡಬ್ಲ್ಯುಸಿಎಫ್‌ಎಸ್-1 ತಳಿಯನ್ನು ಬೆಳೆಯುತ್ತಿರುವಾಗ, ಬೆಳವಣಿಗೆ ನಿಂತ ಮೇಲೆ, ಸಾಯಿಸಿದ ಮೇಲೆ, ಹೀಗೆ ಮೂರು ಸ್ಥಿತಿಯಲ್ಲಿ ಆರೋಗ್ಯವಂತರಿಗೆ ಕೊಟ್ಟು ಅವರ ಸಣ್ಣ ಕರುಳಿನ ಒಳಪದರದ ಜೀನ್‌ಗಳನ್ನು ನೋಡಿದರು. ಮೂರಕ್ಕೂ ಪ್ರತಿಕ್ರಿಯೆ ಬೇರೆ ಬೇರೆ.

ಆಯ್ಕೆಗಳು ಒಂದೊಂದಾಗಿ

ಲ್ಯಾಕ್ಟೊಬ್ಯಾಸಿಲಸ್ ಬಳಗದಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದದ್ದು ಜಿಜಿ ತಳಿ. ಇದರ ಮೈಮೇಲೆ ಲೋಳೆಗೆ ಕಚ್ಚಿಕೊಳ್ಳುವ ಸಣ್ಣ ಎಳೆಗಳಿವೆ, ಹಾಗಾಗಿ ಬೇರೆಯವುಗಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಅದು ಸ್ರವಿಸುವ ಪಿ-40 ಎಂಬ ಪ್ರೋಟೀನು ಒಳಪದರದ ಕೋಶಗಳನ್ನು ಗಟ್ಟಿಯಾಗಿ ಉಳಿಸಲು ನೆರವಾಗುತ್ತದೆ. ಬೇಲಿ ಕಾಯುವ ಕೆಲಸಕ್ಕೆ ಇದನ್ನು ಮೊದಲು ಪರಿಗಣಿಸಬಹುದು. ಕೇಸಿ ಶಿರೋಟಾ ತಳಿ 1930ರಲ್ಲಿ ಮಿನೋರು ಶಿರೋಟಾ ಬೇರ್ಪಡಿಸಿದ್ದು. ಅದರ ಹೆಸರು ಎನ್‌ಕೆ ಕೋಶಗಳ ಜೊತೆ ಹೆಚ್ಚು ಕೇಳಿಬರುತ್ತದೆ, ಆದರೆ ಮನುಷ್ಯರಲ್ಲಿ ಸಿಕ್ಕ ಫಲಿತಾಂಶಗಳು ಒಂದೇ ದಾರಿಯಲ್ಲಿಲ್ಲ.

ಬಿಫಿಡೊಬ್ಯಾಕ್ಟೀರಿಯಂ ಸಾಮಾನ್ಯವಾಗಿ ಸಮಾಧಾನದ ಕಡೆಗೆ ವಾಲುತ್ತದೆ ಎಂಬ ಮಾತಿದೆ. ಸ್ಥೂಲವಾಗಿ ಸರಿ, ಆದರೆ ತಳಿ ಬದಲಾದರೆ ಮಾತೂ ಬದಲಾಗುತ್ತದೆ. ಇವು ತಾವೇ ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲವನ್ನು ತಯಾರಿಸುವುದಿಲ್ಲ. ಅಸಿಟೇಟ್, ಲ್ಯಾಕ್ಟೇಟ್ ಮಾಡುತ್ತವೆ, ಅದನ್ನು ತಿಂದು ದೊಡ್ಡ ಕರುಳಿನ ಬೇರೆ ಬ್ಯಾಕ್ಟೀರಿಯಾ ಬ್ಯುಟಿರೇಟ್ ಮಾಡುತ್ತವೆ. ಆ ಬ್ಯುಟಿರೇಟ್ ನಿಯಂತ್ರಕ ಟಿ ಕೋಶಗಳು ರೂಪುಗೊಳ್ಳಲು ಸಹಾಯಕ. ಊಟದಲ್ಲಿ ನಾರು ಇಲ್ಲದಿದ್ದರೆ ಈ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ. ಕ್ಯಾಪ್ಸೂಲ್ ನುಂಗಿ ನಾರು ಬಿಟ್ಟವರಿಗೆ ಏನೂ ಆಗಲಿಲ್ಲ ಎಂದರೆ ಆಶ್ಚರ್ಯವಿಲ್ಲ.

ಸ್ಯಾಕರೊಮೈಸಿಸ್ ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ಆ್ಯಂಟಿಬಯಾಟಿಕ್ ಜೊತೆ ತೆಗೆದುಕೊಳ್ಳುವುದಾದರೆ ಇದರಷ್ಟು ಸಲೀಸು ಬೇರೆ ಇಲ್ಲ. ಆದರೆ ಫ್ಲುಕೊನಜೋಲ್‌ನಂಥ ಶಿಲೀಂಧ್ರನಾಶಕದ ಜೊತೆ ಕೊಟ್ಟರೆ ಹಣ ನೀರಿಗೆ ಹಾಕಿದಂತೆ. ಬಳಕೆಯ ಪ್ರಮಾಣ ಸಾಮಾನ್ಯವಾಗಿ ಒಂದು ಬಾರಿಗೆ 250ರಿಂದ 500 ಮಿಲಿಗ್ರಾಂ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ದೇಹದಿಂದ ಹೊರಟುಹೋಗುತ್ತದೆ.

ಬ್ಯಾಸಿಲಸ್ ಕೊಆಗ್ಯುಲನ್ಸ್, ಕ್ಲಾಸಿ ಮುಂತಾದವು ಬೀಜಕ ರೂಪದಲ್ಲಿ ಬರುತ್ತವೆ. ಬೀಜಕ ಎಂದರೆ ಗಟ್ಟಿ ಚಿಪ್ಪಿನೊಳಗೆ ನಿದ್ದೆ ಮಾಡುತ್ತಿರುವ ಬ್ಯಾಕ್ಟೀರಿಯಾ. ಬಿಸಿ, ಹೊಟ್ಟೆಯ ಆಮ್ಲ, ತೇವ ಯಾವುದಕ್ಕೂ ಜಗ್ಗುವುದಿಲ್ಲ. ಫ್ರಿಜ್ ಇಲ್ಲದವರಿಗೆ, ಪ್ರಯಾಣ ಮಾಡುವವರಿಗೆ ಅನುಕೂಲ. ಬಾಳಿಕೆಯಲ್ಲಿ ಗೆಲ್ಲುವ ಇವು ಪುರಾವೆಯಲ್ಲಿ ಸೋಲುತ್ತವೆ: ರೋಗನಿರೋಧಕ ಕೋಶಗಳ ಮೇಲಿನ ಮಾನವ ಅಧ್ಯಯನಗಳು ಮೊದಲೆರಡು ಬಳಗಗಳಷ್ಟಿಲ್ಲ.

ಇ. ಕೋಲಿ ನಿಸ್ಲೆ 1917 ಬೇರೆಯೇ ಜಾತಿ. ಮೊದಲ ಮಹಾಯುದ್ಧದಲ್ಲಿ ಸುತ್ತಲಿನವರಿಗೆಲ್ಲ ಆಮಶಂಕೆ ಬಂದರೂ ತನಗೆ ಬಾರದೆ ಉಳಿದ ಸೈನಿಕನಿಂದ ಆಲ್ಫ್ರೆಡ್ ನಿಸ್ಲೆ ತೆಗೆದ ತಳಿ. ಕರುಳಿನ ಹುಣ್ಣಿನ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್ ಶಮನಗೊಂಡಿದ್ದ 327 ರೋಗಿಗಳ ಪ್ರಯೋಗದಲ್ಲಿ, 12 ತಿಂಗಳಲ್ಲಿ ಕಾಯಿಲೆ ಮರುಕಳಿಸಿದ್ದು ಇದನ್ನು ತೆಗೆದುಕೊಂಡವರಲ್ಲಿ ಶೇ. 36.4, ಮೆಸಲಜೀನ್ ಔಷಧ ತೆಗೆದುಕೊಂಡವರಲ್ಲಿ ಶೇ. 33.9. ಅಂದರೆ ಹೆಚ್ಚುಕಡಿಮೆ ಸಮ. ಇದು ವೈದ್ಯರ ಸಲಹೆಯ ಮೇಲೆ ಮಾತ್ರ ಬಳಸುವ ವಸ್ತು.

ಸತ್ತ ಬ್ಯಾಕ್ಟೀರಿಯಾದ ಉತ್ಪನ್ನಗಳಿಗೆ ಪೋಸ್ಟ್‌ಬಯಾಟಿಕ್ ಎಂದು ಹೆಸರು. ಸತ್ತದ್ದು ಏನು ಮಾಡೀತು ಎನ್ನಬೇಡಿ, ಗ್ರಾಹಕಕ್ಕೆ ಅಂಟುವುದು ಭಿತ್ತಿಯ ಚೂರು ಮತ್ತು ಡಿಎನ್‌ಎ, ಅವಕ್ಕೆ ಜೀವ ಬೇಕಿಲ್ಲ. ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಜೆಸಿಎಂ 5805 ಎಂಬ ತಳಿಯನ್ನು ಶಾಖದಿಂದ ಸಾಯಿಸಿಯೇ ಮಾರುತ್ತಾರೆ. ವೈರಸ್ ಬಂದಾಗ ಇಂಟರ್‌ಫೆರಾನ್ ಬಿಡುಗಡೆ ಮಾಡುವ ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಕೋಶಗಳನ್ನು ಅದು ಟಿಎಲ್‌ಆರ್-9 ಮೂಲಕ ಎಚ್ಚರಿಸುತ್ತದೆ. ಜೀವಂತ ಬ್ಯಾಕ್ಟೀರಿಯಾ ನುಂಗುವುದು ಅಪಾಯವಾಗಬಹುದಾದವರಿಗೆ ಇದು ವೈದ್ಯರೊಡನೆ ಚರ್ಚಿಸಬಹುದಾದ ದಾರಿ.

ಕ್ಯಾಪ್ಸೂಲ್ ಬೇಡ, ಹುದುಗಿಸಿದ ಆಹಾರವೇ ಸಾಕಲ್ಲವೇ? 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 36 ವಯಸ್ಕರನ್ನು ಎರಡು ಗುಂಪು ಮಾಡಿ 10 ವಾರ ಹುದುಗಿಸಿದ ಆಹಾರವನ್ನೋ ಹೆಚ್ಚು ನಾರನ್ನೋ ಕೊಟ್ಟರು. ಹುದುಗಿಸಿದ ಆಹಾರದ ಗುಂಪಿನಲ್ಲಿ 19 ಉರಿಯೂತದ ಪ್ರೋಟೀನುಗಳು ಇಳಿದವು, ನಾಲ್ಕು ಬಗೆಯ ರೋಗನಿರೋಧಕ ಕೋಶಗಳ ಉದ್ರೇಕವೂ ಕಡಿಮೆಯಾಯಿತು. ಆದರೆ ಅವರು ದಿನಕ್ಕೆ ಸರಾಸರಿ ಆರು ಬಾರಿಯ ಪ್ರಮಾಣ ತಿಂದಿದ್ದರು. ಊಟದ ಕೊನೆಗೆ ಎರಡು ಚಮಚ ಮೊಸರಿಗೆ ಅಷ್ಟೇ ಫಲ ನಿರೀಕ್ಷಿಸಬಾರದು. ಆರೋಗ್ಯವಂತರಿಗೆ, ನಿರ್ದಿಷ್ಟ ತೊಂದರೆ ಇಲ್ಲದವರಿಗೆ ನಮ್ಮ ಮೊದಲ ಸಲಹೆ ಹುದುಗಿಸಿದ ಆಹಾರವೇ. ನಿರ್ದಿಷ್ಟ ತೊಂದರೆ ಇದ್ದಾಗ ಮಾತ್ರ ತಳಿ ಹುಡುಕಿ.

ತೊಂದರೆಯಿಂದ ತಳಿಗೆ

ಆಗಾಗ ಶೀತ-ಕೆಮ್ಮು ಬರುವವರಿಗೆ ಬಿಎಲ್-04, ಜಿಜಿ ಇಂಥವನ್ನು ಪ್ರಯತ್ನಿಸಬಹುದು. ಸೋಂಕಿನ ಸಂಖ್ಯೆಯಲ್ಲಿ ಸ್ವಲ್ಪ ಇಳಿಕೆ ಎಂಬುದಷ್ಟೇ ನ್ಯಾಯವಾದ ನಿರೀಕ್ಷೆ. ಶೀತ ಶುರುವಾದ ದಿನ ತೆಗೆದುಕೊಂಡರೆ ಪ್ರಯೋಜನವಿಲ್ಲ, ಪ್ರಯೋಗಗಳೆಲ್ಲ ಮುಂಚಿನಿಂದ ವಾರಗಟ್ಟಲೆ ಕೊಟ್ಟು ಮಾಡಿದವು.

ವಯಸ್ಸಾದವರ ವಿಷಯದಲ್ಲಿ ಎರಡು ಅಧ್ಯಯನ ಪಕ್ಕಪಕ್ಕ ಇಟ್ಟು ಓದಬೇಕು. 2001ರಲ್ಲಿ 30 ಹಿರಿಯರಿಗೆ ಮೂರು ವಾರ ಬಿ. ಲ್ಯಾಕ್ಟಿಸ್ ಎಚ್‌ಎನ್-019 ಕೊಟ್ಟಾಗ ಎನ್‌ಕೆ ಕೋಶಗಳ ಕೊಲ್ಲುವ ಶಕ್ತಿ ಹೆಚ್ಚಿತು, ಬಿಳಿ ರಕ್ತಕಣಗಳು ರೋಗಾಣು ನುಂಗುವುದೂ ಚುರುಕಾಯಿತು. ಓದಿದರೆ ಖುಷಿಯಾಗುತ್ತದೆ. 2020ರಲ್ಲಿ ಆರೈಕೆ ಮನೆಗಳಲ್ಲಿದ್ದ 310 ಮಂದಿಗೆ ಒಂದು ವರ್ಷದವರೆಗೆ ಜಿಜಿ ಮತ್ತು ಬಿಫಿಡೊಬ್ಯಾಕ್ಟೀರಿಯಂನ ಬಿಬಿ-12 ತಳಿ ಕೊಟ್ಟ ಅಧ್ಯಯನ ಬಂತು. ಆ್ಯಂಟಿಬಯಾಟಿಕ್ ತೆಗೆದುಕೊಂಡ ದಿನಗಳಲ್ಲಿ ಹುಸಿ ಗುಂಪಿಗೂ ಇವರಿಗೂ ವ್ಯತ್ಯಾಸವಿರಲಿಲ್ಲ. ತಳಿಗಳು ಬೇರೆ, ಜನರೂ ಬೇರೆ, ಹಾಗಾಗಿ ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ ಕೋಶ ಚುರುಕಾಗುವುದು ಒಂದು, ಜ್ವರ ಕಡಿಮೆಯಾಗುವುದು ಇನ್ನೊಂದು. ಜಾಹೀರಾತಿನಲ್ಲಿ ‘ಎನ್‌ಕೆ ಕೋಶ ಹೆಚ್ಚಿಸುತ್ತದೆ’ ಎಂದು ಮಾತ್ರ ಇದ್ದರೆ, ಕಾಯಿಲೆ ಕಡಿಮೆಯಾಯಿತೇ ಎಂದು ಕೇಳಿ.

ಅಲರ್ಜಿ ಇರುವ ಕುಟುಂಬದ ಮಕ್ಕಳಿಗೆ ಎಸ್ಜಿಮಾ (ತುರಿಕೆಯ ಚರ್ಮದ ಉರಿಯೂತ) ತಡೆಯುವ ವಿಚಾರದಲ್ಲೂ ಹೀಗೇ. 2001ರ ಫಿನ್ಲೆಂಡ್ ಅಧ್ಯಯನದಲ್ಲಿ ಜಿಜಿ ಕೊಟ್ಟ ಮಕ್ಕಳಲ್ಲಿ ಎರಡು ವರ್ಷದ ಹೊತ್ತಿಗೆ ಶೇ. 23, ಕೊಡದವರಲ್ಲಿ ಶೇ. 46 ಮಂದಿಗೆ ಎಸ್ಜಿಮಾ ಬಂತು. ಆಮೇಲೆ ಅದೇ ತಳಿಯ ಮೇಲೆ ಬೇರೆಯವರು ಮಾಡಿದ ಎಲ್ಲ ಪ್ರಯೋಗಗಳೂ ಈ ಫಲ ಕೊಡಲಿಲ್ಲ. ಪ್ರಯತ್ನ ಮಾಡಬಹುದು, ಭರವಸೆ ಕೊಡಲಾಗದು.

ಆ್ಯಂಟಿಬಯಾಟಿಕ್ ವೇಳೆ ಭೇದಿ ತಡೆಯುವುದಕ್ಕೂ, ಆಮೇಲೆ ಕರುಳಿನ ಮೂಲ ಸೂಕ್ಷ್ಮಜೀವಿಗಳನ್ನು ಮರಳಿ ತರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಬೌಲಾರ್ಡಿ, ಜಿಜಿಗೆ ಆಧಾರವಿದೆ. ಎರಡನೆಯದಕ್ಕೆ 2018ರ ಅಧ್ಯಯನ ತಣ್ಣೀರೆರಚಿತು: ಕೋರ್ಸ್ ಮುಗಿದ ಮೇಲೆ 11 ತಳಿಗಳ ಮಿಶ್ರಣ ತೆಗೆದುಕೊಂಡವರಲ್ಲಿ ಮೂಲ ಸೂಕ್ಷ್ಮಜೀವಿಗಳು, ಏನೂ ತೆಗೆದುಕೊಳ್ಳದವರಿಗಿಂತ ನಿಧಾನವಾಗಿ ಮರಳಿದವು.

ಡಬ್ಬಿ ಮನೆಗೆ ಬಂದ ಮೇಲೆ

ಎಣಿಕೆಯ ಪಕ್ಕ ‘ಬಳಕೆಯ ಅವಧಿ ಮುಗಿಯುವವರೆಗೆ’ ಎಂದಿರಬೇಕು. ‘ತಯಾರಿಕೆಯ ವೇಳೆ’ ಎಂದಿದ್ದರೆ ನಿಮ್ಮ ಕೈಗೆ ಬರುವಾಗ ಎಷ್ಟು ಬದುಕಿವೆ ಎಂಬುದಕ್ಕೆ ಯಾರೂ ಜವಾಬ್ದಾರರಲ್ಲ. ಪ್ರಮಾಣವನ್ನು ಪ್ರಯೋಗದಲ್ಲಿ ಬಳಸಿದಷ್ಟೇ ಇಟ್ಟುಕೊಳ್ಳಿ. ಹೆಚ್ಚಿನ ತಳಿಗಳಿಗೆ ಅದು ದಿನಕ್ಕೆ 100 ಕೋಟಿಯಿಂದ 1,000 ಕೋಟಿಯ ನಡುವೆ.

ಇವುಗಳ ಶತ್ರು ಬಿಸಿಗಿಂತಲೂ ತೇವ. ಒಣಗಿಸಿದ ಪುಡಿಯಲ್ಲಿ ಬ್ಯಾಕ್ಟೀರಿಯಾ ಸ್ತಬ್ಧವಾಗಿರುತ್ತವೆ. ಸ್ವಲ್ಪ ನೀರು ಸೋಕಿದರೆ ಎಚ್ಚರಗೊಳ್ಳುತ್ತವೆ, ತಿನ್ನಲು ಏನೂ ಇರುವುದಿಲ್ಲ, ಸಾಯುತ್ತವೆ. ಜನ ತಪ್ಪುವುದು ಇಲ್ಲಿ: ಫ್ರಿಜ್‌ನಿಂದ ತಣ್ಣನೆಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ಗಾಳಿಯ ತೇವ ತಣ್ಣನೆಯ ಕ್ಯಾಪ್ಸೂಲಿನ ಮೇಲೆ ಹನಿಯಾಗುತ್ತದೆ, ಅದನ್ನೇ ಒಳಗೆ ಮುಚ್ಚಿಡುತ್ತಾರೆ. ಒಂದು ತೆಗೆದು ತಕ್ಷಣ ಮುಚ್ಚಿ. ಒಳಗಿರುವ ತೇವ ಹೀರುವ ಪೊಟ್ಟಣ ಬಿಸಾಡಬೇಡಿ. ವಾರದ ಮಾತ್ರೆಗಳ ಪೆಟ್ಟಿಗೆಗೆ ಮೊದಲೇ ಹಾಕಿಡಬೇಡಿ. ಫಾಯಿಲ್‌ನಲ್ಲಿ ಬಿಡಿಬಿಡಿಯಾಗಿ ಬರುವವು ಈ ದೃಷ್ಟಿಯಿಂದ ಉತ್ತಮ.

ಊಟದ ಜೊತೆ ಅಥವಾ ಅದಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಹೊಟ್ಟೆಯ ಆಮ್ಲದಿಂದ ಹೆಚ್ಚು ಪಾರಾಗುತ್ತವೆ. ಸ್ಯಾಶೆಯನ್ನು ಬಿಸಿ ಪಾನೀಯಕ್ಕೆ ಸುರಿಯಬೇಡಿ, ಬೀಜಕ ಬಿಟ್ಟರೆ ಉಳಿದವು ತಡೆಯುವುದಿಲ್ಲ. ಬ್ಯಾಕ್ಟೀರಿಯಾ ತಳಿಯಾದರೆ ಆ್ಯಂಟಿಬಯಾಟಿಕ್‌ಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಮೊದಲ ಕೆಲವು ದಿನ ಹೊಟ್ಟೆಯುಬ್ಬರ, ಗಾಳಿ ಸಾಮಾನ್ಯ. ಡಬ್ಬಿಯಲ್ಲಿ ಇನುಲಿನ್‌ನಂಥ ನಾರೂ ಸೇರಿದ್ದರೆ ತಪ್ಪು ಅದರದ್ದೇ ಇರಬಹುದು.

ಯಾರು ಕೈ ಹಾಕಬಾರದು

ಅವಧಿಗೆ ಮುನ್ನ ಹುಟ್ಟಿದ ಶಿಶು, ದೊಡ್ಡ ರಕ್ತನಾಳದಲ್ಲಿ ಕೇಂದ್ರ ಕ್ಯಾತಿಟರ್ ಎಂಬ ನಳಿಕೆ ಇರುವವರು, ತೀವ್ರ ನಿಗಾ ಘಟಕದಲ್ಲಿರುವವರು, ಅಂಗಾಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವವರು ವೈದ್ಯರು ಹೇಳದೆ ಜೀವಂತ ಪ್ರೊಬಯಾಟಿಕ್ ಮುಟ್ಟಬಾರದು. ಇದು ಔಪಚಾರಿಕ ಎಚ್ಚರಿಕೆಯಲ್ಲ. 2008ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ತೀವ್ರ ಮೇದೋಜೀರಕ ಉರಿಯೂತವಿದ್ದವರಿಗೆ ಬಹುತಳಿ ಮಿಶ್ರಣ ಕೊಟ್ಟಾಗ ಶೇ. 16 ಮಂದಿ ತೀರಿಕೊಂಡರು, ಹುಸಿ ಗುಂಪಿನಲ್ಲಿ ಶೇ. 6. ಕೇಂದ್ರ ಕ್ಯಾತಿಟರ್ ಇರುವವರಲ್ಲಿ ಬೌಲಾರ್ಡಿ ರಕ್ತ ಸೇರಿದ ಪ್ರಕರಣಗಳಿವೆ. ಪಕ್ಕದ ಹಾಸಿಗೆಯ ರೋಗಿಗೆ ಸ್ಯಾಶೆ ಬಿಚ್ಚಿದ ಕೈಯಿಂದಲೂ ಅದು ಕ್ಯಾತಿಟರ್ ತಲುಪಬಲ್ಲದು.

ಕ್ಯಾನ್ಸರ್‌ಗೆ ಇಮ್ಯುನೊಥೆರಪಿ ತೆಗೆದುಕೊಳ್ಳುತ್ತಿರುವವರು ‘ಸ್ವಲ್ಪ ಶಕ್ತಿ ಬರಲಿ’ ಎಂದು ತಾವಾಗಿ ಶುರು ಮಾಡಬಾರದು. ಆ ಚಿಕಿತ್ಸೆ ನಿಂತಿರುವುದೇ ಟಿ ಕೋಶಗಳ ಮೇಲೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಕುರಿತ 2021ರ ಅಧ್ಯಯನದಲ್ಲಿ ಪ್ರೊಬಯಾಟಿಕ್ ಕೊಟ್ಟ ಇಲಿಗಳಲ್ಲಿ ಚಿಕಿತ್ಸೆಯ ಫಲ ಕುಗ್ಗಿತು. ರೋಗಿಗಳಲ್ಲಿ ಚೆನ್ನಾಗಿ ಕಂಡದ್ದು ಸಾಕಷ್ಟು ನಾರು ತಿಂದು, ಪ್ರೊಬಯಾಟಿಕ್ ಮಾತ್ರೆ ತೆಗೆದುಕೊಳ್ಳದವರು.

ಉಳಿದವರು ಒಂದು ತಳಿ, ಒಂದು ಪ್ರಮಾಣ, ಎಂಟರಿಂದ ಹನ್ನೆರಡು ವಾರ ಎಂದು ಗಡುವು ಹಾಕಿಕೊಳ್ಳಿ. ಶೀತ ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಹಿಂದಿನ ವರ್ಷದ ಅದೇ ತಿಂಗಳುಗಳ ನೆನಪಿನ ಜೊತೆ ಹೋಲಿಸಿ. ಹಣ ಕೊಟ್ಟು ಎನ್‌ಕೆ ಕೋಶ ಎಣಿಸುವ ಪರೀಕ್ಷೆ ಬೇಡ, ಸರಿಯಾಗಿ ನಿದ್ದೆ ಬಾರದ ಒಂದು ರಾತ್ರಿಗೂ ಆ ಅಂಕಿ ಏರುಪೇರಾಗುತ್ತದೆ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಬೇರೆ ತಳಿಗೆ ಬದಲಾಯಿಸುವುದಿದ್ದರೆ ಎರಡು ವಾರ ಬಿಟ್ಟು ಶುರು ಮಾಡಿ, ಹಳೆಯದು ಅಷ್ಟರಲ್ಲಿ ಬಹುತೇಕ ಖಾಲಿಯಾಗಿರುತ್ತದೆ.